ಗುಡ್ಡದಿಂದ ಗುಜರಿವರೆಗೆ

ತಿಪಟೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೊಬ್ಬರಿ. ಹರಾಜಿನ ದಿನ ಇಲ್ಲಿನ ಮಾರುಕಟ್ಟೆಯಲ್ಲಿ ನಿಗದಿಯಾಗುವ ದರ ತುರುವೇಕೆರೆಯ ಅಟ್ಟದಲ್ಲೂ ಚಿಕ್ಕನಾಯಕನಹಳ್ಳಿಯ ತೋಟದಲ್ಲೂ ಅಂದು ರಾತ್ರಿಯ ಮಾತಾಗುತ್ತದೆ. ಇಲ್ಲಿಂದ ಹೊರಟ ಉಂಡೆ ಕೊಬ್ಬರಿ ಉತ್ತರ ಭಾರತದ ಹಬ್ಬ, ಮದುವೆ, ಮಿಠಾಯಿ ಅಂಗಡಿಗಳನ್ನು ಸೇರುತ್ತದೆ. ಕಲ್ಪತರು ನಾಡು ಎಂಬ ಹೆಸರು ನಮಗೆ ಬಂದದ್ದು ಹೀಗೆ. ಆದರೆ ಈ ತೆಂಗಿನ ಸೀಮೆಯ ಬೆನ್ನಿಗೆ ಕಬ್ಬಿಣದ ಗುಡ್ಡಗಳಿವೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಚಿತ್ರದುರ್ಗದ ಕಡೆಯಿಂದ ಇಳಿದು ಬರುವ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿಯನ್ನು ಹಾದು ಹೋಗುತ್ತದೆ. ಅದರಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ, ಸುಣ್ಣಕಲ್ಲಿದೆ. ಈ ಗುಡ್ಡಗಳಿಗೂ ದೂರದ ಉಕ್ಕಿನ ಮಾರುಕಟ್ಟೆಗೂ ನಂಟು ಬೆಳೆದಾಗ ನಮ್ಮ ಊರುಗಳಿಗೆ ಏನಾಯಿತು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕೆಂದು ನಮಗೆ ಬಹಳ ದಿನಗಳಿಂದ ಅನಿಸುತ್ತಿತ್ತು.

ಈ ಸೀಮೆಯ ಮುಸ್ಲಿಮರಲ್ಲಿ ತೋಟ ಉಳ್ಳವರು ಕಡಿಮೆ. ಕಬ್ಬಿಣದ ಜೊತೆ ಬದುಕುವವರು ಹೆಚ್ಚು. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಪಂಪ್‌ಸೆಟ್ ರಿಪೇರಿ, ಲಾರಿ, ಗುಜರಿ, ಇವೇ ನಮ್ಮವರ ಕಸುಬು. ಕಾಯಿ ಸುಲಿಯುವ ಕೂಲಿಗೆ ಹೋಗುವವರ ಕೈಯಲ್ಲೂ ಇರುವುದು ಕಬ್ಬಿಣವೇ. ನಾವು ಉರ್ದು ಶಾಲೆಯಲ್ಲಿ 'ಲೋಹಾ', 'ಫೌಲಾದ್' ಎಂದು ಬರೆದು ಕಲಿತವರು. ಆಮೇಲೆ ಕನ್ನಡ ಶಾಲೆಯಲ್ಲಿ ಅವೇ ಕಬ್ಬಿಣ, ಉಕ್ಕು ಆದವು. ಆದರೆ ಇವುಗಳ ಅರ್ಥಶಾಸ್ತ್ರವನ್ನು ನಮಗೆ ಕಲಿಸಿದ್ದು ಚಾಚಾ ಅವರ ಗುಜರಿ ಅಂಗಡಿ.

ಆ ಅಂಗಡಿಗೆ ಬಾರದ ವಸ್ತುವಿರಲಿಲ್ಲ. ಮುರಿದ ನೇಗಿಲ ಗುಳ, ತುಕ್ಕು ಹಿಡಿದ ಬೋರ್‌ವೆಲ್ ಪೈಪು, ಸೈಕಲ್ಲಿನ ರಿಮ್ಮು, ಸಕ್ಕರೆ ಡಬ್ಬದ ತಗಡು. ಚಾಚಾ ಬೀಡು ಕಬ್ಬಿಣವನ್ನು ಒಂದು ಕಡೆ, ತಗಡನ್ನು ಒಂದು ಕಡೆ, ಗಟ್ಟಿ ಕಬ್ಬಿಣವನ್ನು ಇನ್ನೊಂದು ಕಡೆ ರಾಶಿ ಹಾಕುತ್ತಿದ್ದರು. ಬೆಂಗಳೂರಿನಿಂದ ಫೋನು ಬಂದರೆ ಅಂದಿನ ದರ ಬದಲಾಗುತ್ತಿತ್ತು. ನಿನ್ನೆ ಒಂದು ದರ, ಇವತ್ತು ಒಂದು ದರ ಯಾಕೆ ಎಂದು ಕೇಳಿದರೆ ಚಾಚಾ, "ಲೋಹೆ ಕಾ ಭಾವ್ ಇಧರ್ ನೈ ಬನ್ತಾ ಬೇಟಾ" ಎನ್ನುತ್ತಿದ್ದರು. ಕಬ್ಬಿಣದ ದರ ಇಲ್ಲಿ ಹುಟ್ಟುವುದಿಲ್ಲ ಮಗಾ ಎಂದು ಅದರ ಅರ್ಥ. ಕೊಬ್ಬರಿಯ ದರವಾದರೂ ಕಣ್ಣೆದುರಿನ ಮಾರುಕಟ್ಟೆಯಲ್ಲಿ ಕೂಗುತ್ತದೆ. ಕಬ್ಬಿಣದ ದರ ಎಲ್ಲಿ ಹುಟ್ಟುತ್ತದೆಂದು ಅವರಿಗೂ ತಿಳಿದಿರಲಿಲ್ಲ. ಭಾರತದಲ್ಲಿ ತಯಾರಾಗುವ ಉಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯುತ್ ಕುಲುಮೆಗಳಲ್ಲಿ ಕರಗಿ ಬರುತ್ತದೆ. ಆ ಕುಲುಮೆಗಳ ಹೊಟ್ಟೆ ತುಂಬಿಸುವುದರಲ್ಲಿ ಇಂಥ ಸಾವಿರಾರು ಗುಜರಿ ಅಂಗಡಿಗಳ ಪಾಲಿದೆ. ಹಾಗಾಗಿ ಉಕ್ಕಿನ ಉದ್ಯಮ ಎಂದರೆ ದೊಡ್ಡ ಚಿಮಣಿಗಳು ಮಾತ್ರವಲ್ಲ ಎಂದು ನಾವು ಮೊದಲೇ ಹೇಳಿಬಿಡುತ್ತೇವೆ.

ಈ ನೆಲದಲ್ಲಿ ಕಬ್ಬಿಣ ಹೊಸದೇನೂ ಅಲ್ಲ. ಟಿಪ್ಪು ಸುಲ್ತಾನರ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ. ಚಿಕ್ಕನಾಯಕನಹಳ್ಳಿಯ ಕಡೆಗೂ ಬಂದ. ಇಲ್ಲಿನ ತೆಂಗಿನ ತೋಟಗಳನ್ನೂ ಕಬ್ಬಿಣದ ಅದಿರನ್ನೂ ನೋಡಿ ಬರೆದುಕೊಂಡ. 1807ರಲ್ಲಿ ಅವನ ಪ್ರವಾಸದ ಸಂಪುಟಗಳು ಅಚ್ಚಾದವು. ಆಗ ಊರ ಜನರೇ ಅದಿರು ತಂದು, ಇದ್ದಿಲು ಸುಟ್ಟು, ಸಣ್ಣ ಕುಲುಮೆಗಳಲ್ಲಿ ಕರಗಿಸುತ್ತಿದ್ದರು. ಅದು ನೇಗಿಲಾಗಿ, ಮಚ್ಚಾಗಿ, ಗಾಡಿಯ ಹಳಿಯಾಗಿ ಸುತ್ತಲಿನ ಹಳ್ಳಿಗಳಲ್ಲೇ ಉಳಿಯುತ್ತಿತ್ತು. ವಿದೇಶದಿಂದ ಅಗ್ಗದ ಕಬ್ಬಿಣ ಬಂದ ಮೇಲೆ ಆ ಕುಲುಮೆಗಳು ಆರಿದವು.

ಆಮೇಲೆ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. 1918ರಲ್ಲಿ ಶುರುವಾದ ಆ ಕೆಲಸ 1923ರಲ್ಲಿ ಕಬ್ಬಿಣ ಕೊಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹಟದಿಂದ ನಿಂತ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ನಮ್ಮ ದಾದಾ ಅವರ ತಮ್ಮ ಅಲ್ಲಿ ಖಲಾಸಿಯಾಗಿ ಸೇರಿ, ಅಲ್ಲೇ ಮನೆ ಮಾಡಿ, ಮಕ್ಕಳನ್ನು ಓದಿಸಿದರು. ಹಬ್ಬಕ್ಕೆ ಊರಿಗೆ ಬಂದರೆ "ನಾವು ಕಾರ್ಖಾನೆಯವರು" ಎಂದು ಹೇಳಿಕೊಳ್ಳುವ ಗತ್ತು ಅವರಲ್ಲಿತ್ತು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ 1960ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಬಂದಾಗಲೂ ಹಾಗೆಯೇ ಆಯಿತು. ಅಗೆದ ಕಲ್ಲು ಹತ್ತಿರದಲ್ಲೇ ಸಿಮೆಂಟ್ ಆಯಿತು, ಸಂಬಳ ಇಲ್ಲಿನ ಮನೆಗಳಿಗೆ ಬಂತು. ಕಾಡಿಗೆ, ಗಾಳಿಗೆ ಪೆಟ್ಟು ಬೀಳಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಮಣ್ಣು ವಸ್ತುವಾಗುವ ಕೆಲಸ ಇಲ್ಲೇ ನಡೆಯಿತು. ಆ ಕೆಲಸದಿಂದ ಎರಡು ತಲೆಮಾರು ಬದುಕಿತು.

2000ದ ಆಸುಪಾಸಿನಲ್ಲಿ ಬಂದ ಗಣಿಗಾರಿಕೆಯ ಸ್ವಭಾವವೇ ಬೇರೆ. ಅದು ಬಂದ ಹೊತ್ತನ್ನು ಗಮನಿಸಬೇಕು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬೇಗನೆ ನಮ್ಮ ತೋಟಗಳಿಗೂ ಹಬ್ಬಿತು. ಕಾಯಿ ಮುರುಟಿ, ಸಿಪ್ಪೆ ಬಿರಿದು, ಅಟ್ಟದಲ್ಲಿ ಕೊಬ್ಬರಿಯಾಗುವಷ್ಟು ಗಾತ್ರವೇ ಬರದಾಯಿತು. ಅದರ ಬೆನ್ನಿಗೇ 2001ರಿಂದ ಸಾಲು ಸಾಲು ಬರಗಾಲ. ಸಾಲ ಮಾಡಿ ಬೋರ್ ಕೊರೆಸಿದವರಿಗೆ ನೀರು ಸಿಗಲಿಲ್ಲ, ನೀರು ಸಿಕ್ಕವರಿಗೆ ಕರೆಂಟು ಸಿಗಲಿಲ್ಲ. ಕಾಯಿ ಇಲ್ಲದೆ ಸುಲಿಯುವವರಿಗೂ ಕೂಲಿ ಇಲ್ಲ, ಗಾಡಿಗೂ ಬಾಡಿಗೆ ಇಲ್ಲ. ಹೀಗೆ ಕೈ ಬರಿದಾಗಿದ್ದ ಸಮಯದಲ್ಲಿ ಗುಡ್ಡದ ಮಣ್ಣಿಗೆ ಬೆಲೆ ಬಂತು ಎಂಬ ಸುದ್ದಿ ಬಂದರೆ ಜನ ಕುಣಿದರೆಂದು ಅವರನ್ನು ದೂರುವುದು ನ್ಯಾಯವಲ್ಲ.

ಆ ಬೆಲೆ ತಂದದ್ದು ಚೀನಾ. 2000ರಲ್ಲಿ ಸುಮಾರು 13 ಕೋಟಿ ಟನ್ ಉಕ್ಕು ತಯಾರಿಸುತ್ತಿದ್ದ ಆ ದೇಶ 2010ರ ಹೊತ್ತಿಗೆ 60 ಕೋಟಿ ಟನ್ ದಾಟಿತು. ಒಂದು ಟನ್ ಉಕ್ಕಿಗೆ ಊದುಕುಲುಮೆಯಲ್ಲಿ ಸುಮಾರು ಒಂದೂವರೆ ಟನ್‌ಗಿಂತ ಹೆಚ್ಚು ಅದಿರು ಬೇಕು. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸಿಗೆ ಕ್ರೀಡಾಂಗಣಗಳು ಏಳುತ್ತಿದ್ದಾಗ ಇಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದ ಪುಡಿ ಅದಿರಿಗೂ ಗಿರಾಕಿ ಹುಟ್ಟಿದ. 2009-10ರಲ್ಲಿ ಭಾರತದಿಂದ ಹೊರಹೋದ ಕಬ್ಬಿಣದ ಅದಿರು 10 ಕೋಟಿ ಟನ್‌ಗೂ ಹೆಚ್ಚು. 2011ರ ಆರಂಭದಲ್ಲಿ ಚೀನಾದ ಬಂದರಿನಲ್ಲಿ ಒಂದು ಟನ್ ಅದಿರಿನ ಬೆಲೆ 180 ಡಾಲರ್ ಮೀರಿತ್ತು.

ಇದರಲ್ಲಿ ನೆಲದ ಪಾಲೆಷ್ಟು? 2009ರ ಆಗಸ್ಟ್‌ವರೆಗೆ ರಾಯಧನವನ್ನು ಬೆಲೆಯ ಮೇಲೆ ಲೆಕ್ಕ ಹಾಕುತ್ತಿರಲಿಲ್ಲ, ಟನ್ನಿಗೆ ಇಷ್ಟು ಎಂದು ಕಟ್ಟುತ್ತಿದ್ದರು. ಅತ್ಯುತ್ತಮ ದರ್ಜೆಯ ಅದಿರಿಗೂ ಅದು 27 ರೂಪಾಯಿ ದಾಟುತ್ತಿರಲಿಲ್ಲ. ಆಗ ಒಂದು ಕೆ.ಜಿ. ಉಂಡೆ ಕೊಬ್ಬರಿಯ ಬೆಂಬಲ ಬೆಲೆಯೇ ಅದಕ್ಕಿಂತ ಹೆಚ್ಚಿತ್ತು. ಗುಡ್ಡದ ಒಂದು ಟನ್ನು ನಮ್ಮ ಅಟ್ಟದ ಒಂದು ಕೆ.ಜಿ.ಗೂ ಸಮವಾಗಲಿಲ್ಲ. ಆಮೇಲೆ ರಾಯಧನವನ್ನು ಬೆಲೆಯ ಶೇ. 10ಕ್ಕೆ, 2014ರಲ್ಲಿ ಶೇ. 15ಕ್ಕೆ ಏರಿಸಿದರು. ಆದರೆ ಅತಿ ಹೆಚ್ಚು ಮಣ್ಣು ಹಡಗು ಹತ್ತಿದ ವರ್ಷಗಳಲ್ಲಿ ಬಹುಪಾಲು ಆ ಹಳೆಯ ದರದಲ್ಲೇ ಕಳೆದುಹೋಗಿದ್ದವು.

ಆ ದಿನಗಳ ರಸ್ತೆ ನೋಡಿದವರಿಗೆ ಗೊತ್ತು. ಚಿಕ್ಕನಾಯಕನಹಳ್ಳಿ ಸುತ್ತಿನ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಹೊಟೇಲುಗಳು ರಾತ್ರಿಯೂ ತೆರೆದಿರುತ್ತಿದ್ದವು. ಪಂಕ್ಚರ್ ಹಾಕುವ ಹುಡುಗರು ಮಲಗುತ್ತಿರಲಿಲ್ಲ. ನಮ್ಮ ಅಕ್ಕನ ಮಗ ಗ್ಯಾರೇಜಿನಲ್ಲಿ ಹೆಲ್ಪರ್ ಆಗಿದ್ದವನು 2009ರಲ್ಲಿ ಫೈನಾನ್ಸಿನಿಂದ ಹತ್ತು ಚಕ್ರದ ಟಿಪ್ಪರ್ ತಂದ. ಅಕ್ಕನ ಮೈಮೇಲಿನ ಒಡವೆ ಮುಂಗಡವಾಗಿ ಹೋಯಿತು. ತಿಂಗಳ ಕಂತು ಕಟ್ಟಿ, ಡೀಸೆಲ್ ಹಾಕಿ, ಮನೆಗೂ ಕೊಡುತ್ತಿದ್ದ. ಆ ರಂಜಾನಿನಲ್ಲಿ ಮೊದಲ ಬಾರಿಗೆ ಅವನೇ ಎಲ್ಲರಿಗೂ ಬಟ್ಟೆ ತಂದ. ಅವನಂಥ ಎಷ್ಟೋ ಹುಡುಗರು, ಒಕ್ಕಲಿಗರು, ಕುರುಬರು, ಲಿಂಗಾಯತರು, ದಲಿತರು, ನಮ್ಮವರು, ಒಂದೇ ಸಾಲಿನಲ್ಲಿ ಲಾರಿ ನಿಲ್ಲಿಸಿಕೊಂಡು ಒಂದೇ ತಟ್ಟೆಯಲ್ಲಿ ಬೋಂಡಾ ತಿನ್ನುತ್ತಿದ್ದರು.

ಅದೇ ವರ್ಷ ಹೊನ್ನೇಬಾಗಿಯ ಕಡೆ ಪರಿಚಿತ ಗೌಡರೊಬ್ಬರ ತೋಟಕ್ಕೆ ಹೋಗಿದ್ದೆವು. ತೆಂಗಿನ ಗರಿಗಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಗೌಡರು ಒಂದು ಗರಿಯನ್ನು ಎಳೆದು ಬೆರಳಿನಿಂದ ಒರೆಸಿ ತೋರಿಸಿ, "ಇಷ್ಟು ಕೆಂಪು ಕೂತ್ಕಂಡ್ರೆ ಮರ ಉಸ್ರಾಡಾದು ಹೆಂಗೆ ಸಾಬ್ರೇ?" ಎಂದರು. ಗುಡ್ಡದಿಂದ ಇಳಿದು ಬರುತ್ತಿದ್ದ ಹಳ್ಳದಲ್ಲಿ ಹೂಳು ತುಂಬಿ, ಕೆರೆಗೆ ನೀರಿನ ಬದಲು ಕೆಸರು ಬರುತ್ತಿತ್ತು. ಅವರ ಹಿರಿಮಗ ಗಣಿಯೊಂದರ ವೇಬ್ರಿಡ್ಜಿನಲ್ಲಿ ಲೆಕ್ಕ ಬರೆಯುತ್ತಿದ್ದ. "ಮಗನ ಸಂಬಳ ಬತ್ತದೆ, ತೋಟದ ಫಲ ಹೋಗ್ತದೆ. ಎರಡನ್ನೂ ಕೂಡಿ ಕಳೆದ್ರೆ ಏನು ಉಳೀತದೆ ಅಂತ ನೀವೇ ಹೇಳಿ, ಓದಿದೋರು" ಎಂದರು. ಊರಿನಲ್ಲಿ ಆಗಲೇ ಎರಡು ಪಕ್ಷ. ಬಾವಿ ಇದ್ದವರದ್ದು ಒಂದು, ಲಾರಿ ಇದ್ದವರದ್ದು ಇನ್ನೊಂದು. ಎರಡೂ ಇದ್ದ ಗೌಡರಂಥವರು ಯಾವ ಕಡೆಯೂ ಮಾತಾಡಲಾಗದೆ ಸುಮ್ಮನಿದ್ದರು.

ಗೌಡರು ಕೇಳಿದ ಕೂಡುವ ಕಳೆಯುವ ಲೆಕ್ಕವನ್ನು ಯಾವ ಕಚೇರಿಯೂ ಮಾಡಲಿಲ್ಲ. ವೇಬ್ರಿಡ್ಜಿನ ಲೆಕ್ಕವೇ ನೆಟ್ಟಗಿರಲಿಲ್ಲ. ಪರವಾನಗಿಗಿಂತ ಹೆಚ್ಚು ತುಂಬುವುದು, ಒಂದೇ ಪರ್ಮಿಟ್ಟಿನಲ್ಲಿ ಮತ್ತೆ ಮತ್ತೆ ಸಾಗಿಸುವುದು, ಗುತ್ತಿಗೆಯ ಗಡಿ ದಾಟಿ ಅಗೆಯುವುದು ರಾಜ್ಯದ ಗಣಿ ಸೀಮೆಯಲ್ಲೆಲ್ಲ ಮಾಮೂಲಾಗಿತ್ತು. ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು 2010ರಲ್ಲಿ ಬೇಲೆಕೇರಿ ಬಂದರಿನಿಂದಲೇ ಮಾಯವಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ 2011ರ ಜುಲೈನಲ್ಲಿ ಎರಡನೆಯದನ್ನೂ ಕೊಟ್ಟರು. ಬೊಕ್ಕಸಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚೆಂದು ಅದರಲ್ಲಿತ್ತು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು.

ಕುರ್‌ಆನಿನ 57ನೇ ಅಧ್ಯಾಯದ ಹೆಸರು ಅಲ್ ಹದೀದ್, ಅಂದರೆ ಕಬ್ಬಿಣ. ಅಲ್ಲಿ ಕಬ್ಬಿಣದ ಪ್ರಸ್ತಾಪ ಬರುವ ವಚನದಲ್ಲೇ ತಕ್ಕಡಿಯ ಪ್ರಸ್ತಾಪವೂ ಇದೆ. ಚಿಕ್ಕಂದಿನಲ್ಲಿ ಮದ್ರಸಾದ ಉಸ್ತಾದರು ಇದನ್ನು ಹೇಳಿದಾಗ ನಮಗೆ ಚಾಚಾ ಅವರ ಗುಜರಿ ತಕ್ಕಡಿಯೇ ಕಣ್ಣ ಮುಂದೆ ಬಂದಿತ್ತು. ಲೋಕಾಯುಕ್ತ ವರದಿಯ ಸುದ್ದಿಗಳನ್ನು ಓದುವಾಗ ಆ ಎರಡನ್ನೂ ಒಟ್ಟಿಗೆ ಇಟ್ಟದ್ದು ಯಾಕೆಂದು ಸ್ವಲ್ಪ ಅರ್ಥವಾಯಿತು.

ರಾಜ್ಯ ಸರ್ಕಾರ 2010ರ ಜುಲೈನಲ್ಲಿ ಅದಿರು ರಫ್ತಿಗೆ ತಡೆ ಹಾಕಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿಯಲ್ಲೂ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಕೇಂದ್ರ ಉನ್ನತಾಧಿಕಾರ ಸಮಿತಿ ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಳೆದು ಮೂರು ದರ್ಜೆ ಮಾಡಿತು. ತಪ್ಪು ಇಲ್ಲದ ಅಥವಾ ತೀರಾ ಸಣ್ಣ ತಪ್ಪಿನ 45 ಗಣಿಗಳು 'ಎ'. ಗಡಿ ಸ್ವಲ್ಪ ಒತ್ತುವರಿ ಮಾಡಿದ 72 ಗಣಿಗಳು 'ಬಿ'. ಘೋರ ಉಲ್ಲಂಘನೆಯ 49 ಗಣಿಗಳು 'ಸಿ'. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ದರ್ಜೆಯವು ರದ್ದಾದವು. ಉಳಿದವು ದಂಡ, ಪುನರುಜ್ಜೀವನ ಯೋಜನೆ ಮತ್ತು ಉತ್ಪಾದನೆಯ ಮಿತಿಗೆ ಒಪ್ಪಿ ಒಂದೊಂದಾಗಿ ತೆರೆದವು. ಆ ತೀರ್ಪು ಬಾರದೆ ಹೋಗಿದ್ದರೆ ಇವತ್ತು ಈ ಗುಡ್ಡಗಳ ಹೆಸರಷ್ಟೇ ಉಳಿದಿರುತ್ತಿತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆದರೆ ಒಂದು ಮಾತು. ಎ, ಬಿ, ಸಿ ಎಂದು ವಿಂಗಡಿಸಿದ್ದು ಗುತ್ತಿಗೆಗಳನ್ನು. ಗುತ್ತಿಗೆ ಇಲ್ಲದವರಿಗೆ ಯಾವ ದರ್ಜೆಯೂ ಇರಲಿಲ್ಲ. ನಮ್ಮ ಅಕ್ಕನ ಮಗನ ಟಿಪ್ಪರ್ ಆಗಸ್ಟ್ 26ರ ಮರುದಿನದಿಂದ ಮನೆಯ ಮುಂದೆ ನಿಂತಿತು. ಗಣಿ ನಿಂತರೂ ಕಂತು ನಿಲ್ಲಲಿಲ್ಲ. ಮರಳು ಹೊಡೆದ, ಜಲ್ಲಿ ಹೊಡೆದ. ಎಲ್ಲ ಟಿಪ್ಪರಿನವರೂ ಅದಕ್ಕೇ ಇಳಿದಿದ್ದರಿಂದ ಬಾಡಿಗೆ ಡೀಸೆಲ್ಲಿಗೂ ಸಾಲಲಿಲ್ಲ. 2012ರಲ್ಲಿ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ಅಕ್ಕನ ಒಡವೆ ಹೋದದ್ದು ಹೋಯಿತು. ಈಗ ಅವನು ಬೇರೆಯವರ ಲಾರಿಯಲ್ಲಿ ದಿಲ್ಲಿಗೆ ಕೊಬ್ಬರಿ ಸಾಗಿಸುವ ಡ್ರೈವರ್. "ಕೋರ್ಟು ನಮ್ಮ ಹೊಟ್ಟೆ ಮೇಲೆ ಹೊಡೀತು ಮಾಮು" ಎಂದು ಬಹಳ ವರ್ಷ ಹೇಳುತ್ತಿದ್ದ.

ಅವನ ನೋವು ನಿಜ. ಆದರೆ ಕಾರಣ ಪೂರ್ತಿ ನಿಜವಲ್ಲ. ಕೋರ್ಟು ಸುಮ್ಮನಿದ್ದಿದ್ದರೂ ಆ ದಿನಗಳು ಉಳಿಯುತ್ತಿರಲಿಲ್ಲ. 2011ರಲ್ಲಿ 180 ಡಾಲರ್ ಮೀರಿದ್ದ ಅದಿರು 2015ರ ಕೊನೆಗೆ 40 ಡಾಲರಿಗಿಂತ ಕೆಳಗೆ ಬಿತ್ತು. ಆಸ್ಟ್ರೇಲಿಯಾ, ಬ್ರೆಜಿಲ್‌ಗಳ ದೈತ್ಯ ಗಣಿಗಳು ಮಾರುಕಟ್ಟೆ ತುಂಬಿಸಿದ್ದವು, ಚೀನಾದ ಹಸಿವು ಇಳಿದಿತ್ತು. ಇದರ ಮುನ್ಸೂಚನೆ ಚಾಚಾ ಅವರಿಗೆ 2008ರಲ್ಲೇ ಸಿಕ್ಕಿತ್ತು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಂಕೊಂದು ಮುಳುಗಿದ ಕೆಲವೇ ವಾರಗಳಲ್ಲಿ ಗುಜರಿಯ ದರ ಅರ್ಧದ ಹತ್ತಿರಕ್ಕೆ ಇಳಿಯಿತು. ಮೇಲಿನ ದರದಲ್ಲಿ ಕೊಂಡು ಗುಡ್ಡೆ ಹಾಕಿದ್ದ ಕಬ್ಬಿಣದ ಮೇಲೆ ಕೂತು ಚಾಚಾ ಬೀಡಿ ಸೇದುತ್ತಿದ್ದರು. ನ್ಯೂಯಾರ್ಕಿನಲ್ಲಿ ಯಾರೋ ಸಾಲ ತೀರಿಸದಿದ್ದರೆ ತಿಪಟೂರಿನಲ್ಲಿ ನೇಗಿಲ ಗುಳದ ಬೆಲೆ ಯಾಕೆ ಇಳಿಯಬೇಕು ಎಂಬುದಕ್ಕೆ ಅವರಿಗೆ ಉತ್ತರ ಬೇಕಿತ್ತು.

ಕೊಬ್ಬರಿಯ ಬೆಲೆಯೂ ಹೀಗೆ ಏರಿ ಇಳಿಯುತ್ತದಲ್ಲವೇ ಎಂದು ನೀವು ಕೇಳಬಹುದು. ಹೌದು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ದರ 8 ಸಾವಿರದ ಆಸುಪಾಸಿಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಆದರೆ ದರ ಕುಸಿದಾಗ ರೈತರು ತಿಪಟೂರಿನಲ್ಲಿ ಬೀದಿಗಿಳಿದರು, ನಾಫೆಡ್ ಖರೀದಿ ಕೇಂದ್ರಕ್ಕೆ ಒತ್ತಾಯಿಸಿದರು, ಶಾಸಕರನ್ನು, ಸಂಸದರನ್ನು ನಿಲ್ಲಿಸಿ ಕೇಳಿದರು. ಸಿಕ್ಕದ್ದು ಸಾಲದಿರಬಹುದು, ಆದರೆ ಕೇಳುವ ಬಾಯಿ ಇತ್ತು. ಯಾಕೆಂದರೆ ಕೊಬ್ಬರಿಗೆ ಬೆಳೆಗಾರ ಇದ್ದಾನೆ. ಅದಿರಿಗೆ ಬೆಳೆಗಾರ ಇಲ್ಲ. ಅದಿರಿನ ಬೆಲೆ ಬಿದ್ದಾಗ ಟಿಪ್ಪರಿನ ಹುಡುಗರು ಯಾರ ಮನೆಯ ಮುಂದೆ ಧರಣಿ ಕೂರಬೇಕು? ಇನ್ನೊಂದು ಮಾತು, ತೆಂಗು ನೆಲಕಚ್ಚಿದ ವರ್ಷದ ಮರುವರ್ಷ ಮತ್ತೆ ಹೊಂಬಾಳೆ ಬಿಡುತ್ತದೆ.

ಈಗ ಈ ಹಳೆಯ ಕತೆ ಯಾಕೆ ಎಂದರೆ, ಮಾರುಕಟ್ಟೆ ಮತ್ತೆ ಬಾಗಿಲು ತಟ್ಟುತ್ತಿದೆ. 2022ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯ ಈ ಜಿಲ್ಲೆಗಳ ಅದಿರಿನ ರಫ್ತಿಗೆ ಅವಕಾಶ ಕೊಟ್ಟಿತು, ಇ-ಹರಾಜಿನ ಕಡ್ಡಾಯವನ್ನು ಸಡಿಲಿಸಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ನವೆಂಬರಿನಲ್ಲಿ ಮತ್ತೆ ಇಳಿಸಿತು. ಆ ವರ್ಷದ ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಒಟ್ಟು ವಾರ್ಷಿಕ ಮಿತಿ 70 ಲಕ್ಷ ಟನ್‌ನಿಂದ ಒಂದೂವರೆ ಕೋಟಿ ಟನ್ನಿಗೆ ಏರಿತು. ಇನ್ನೊಂದು ಕಡೆ, ಒಂದು ಕಾಲಕ್ಕೆ ನಮ್ಮ ಅದಿರು ತಿಂದ ಚೀನಾದಲ್ಲಿ ಉಕ್ಕು ಮಿಕ್ಕು ಅಗ್ಗವಾಗಿ ಹೊರಬರುತ್ತಿದೆಯೆಂದು 2025ರ ಏಪ್ರಿಲಿನಲ್ಲಿ ಕೆಲವು ಬಗೆಯ ಉಕ್ಕಿನ ಆಮದಿಗೆ ಕೇಂದ್ರ ಸರ್ಕಾರ ಶೇ. 12ರ ತಾತ್ಕಾಲಿಕ ಸುಂಕ ಹಾಕಬೇಕಾಯಿತು. ಭದ್ರಾವತಿಯದ್ದು ಬೇರೆ ಗೋಳು. ರಾಜ್ಯದ ಅದಿರು ಹಡಗು ತುಂಬಿ ಹೋಗುತ್ತಿದ್ದಾಗ ಆ ಕಾರ್ಖಾನೆಗೆ ಸ್ವಂತ ಗಣಿ ಇಲ್ಲದ್ದೇ ದೊಡ್ಡ ಕೊರತೆಯಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಕೆಲವು ವಿಭಾಗಗಳಷ್ಟೇ ಮತ್ತೆ ಚಾಲೂ ಆದವು.

ಉಕ್ಕೇ ಬೇಡ ಎಂದು ಹೇಳುವವರು ನಾವಲ್ಲ. 2018ರಿಂದ ಭಾರತ ಉಕ್ಕಿನ ಉತ್ಪಾದನೆಯಲ್ಲಿ ಜಗತ್ತಿಗೆ ಎರಡನೆಯದು. ಆದರೂ ತಲಾವಾರು ಬಳಕೆ ವರ್ಷಕ್ಕೆ ಸುಮಾರು 100 ಕೆ.ಜಿ., ಜಗತ್ತಿನ ಸರಾಸರಿಯ ಅರ್ಧದಷ್ಟು. ಹೆಂಚಿನ ಮನೆಯವರು ತಾರಸಿ ಕಟ್ಟಲು, ಊರಿಗೊಂದು ಸೇತುವೆ ಬರಲು ಕಂಬಿ ಬೇಕೇ ಬೇಕು. ಅದಿರು ತೆಗೆಯಬೇಕಾಗಬಹುದು. ಆದರೆ ತೆಗೆಯುವಾಗ ತಕ್ಕಡಿಯ ಮೇಲೆ ಏನೇನು ಇಡುತ್ತೇವೆ ಎಂಬುದು ನಮ್ಮ ಪ್ರಶ್ನೆ. ಹಳ್ಳದ ನೀರು, ಗರಿಯ ಮೇಲಿನ ದೂಳು, ಹುಡುಗರು ಹೊತ್ತ ಸಾಲ, ಇವು ಟನ್ನಿನ ಬೆಲೆಯೊಳಗೆ ಬರುವುದಿಲ್ಲ. ಬಾರದ ಕಾರಣ ಅದಿರು ಅಗ್ಗ.

ಒಂದು ದಾರಿ ಈಗಾಗಲೇ ತೆರೆದಿದೆ. ಮಾರಾಟವಾದ ಅದಿರಿನ ಹಣದಿಂದ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಮೊತ್ತ ಸಾವಿರಾರು ಕೋಟಿ ರೂಪಾಯಿ ಇದೆ. ಅದನ್ನು ಖರ್ಚು ಮಾಡಲೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಹಣ ವರ್ಷಗಟ್ಟಲೆ ಬಳಕೆಯಾಗದೆ ಉಳಿಯಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದರ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತು. ತುಮಕೂರು ಜಿಲ್ಲೆಯ ಹೆಸರೂ ಆ ಪಟ್ಟಿಯಲ್ಲಿದೆ. ಈ ಹಣದಲ್ಲಿ ರಸ್ತೆ, ಕಟ್ಟಡ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಗುತ್ತಿಗೆದಾರರಿಗೂ ಅದೇ ಇಷ್ಟ. ಹಳ್ಳದ ಹೂಳು ತೆಗೆಯುವುದು, ಕೆರೆಗೆ ಮತ್ತೆ ನೀರು ತರುವುದು, ಅದಿರು ಹೊತ್ತು ಬದುಕು ಕಳೆದುಕೊಂಡ ಹುಡುಗರಿಗೆ ಇನ್ನೊಂದು ಕಸುಬು ಕಲಿಸುವುದು ಕಷ್ಟದ ಕೆಲಸ. ಹಣ ಎಲ್ಲಿ ಹೋಗುತ್ತಿದೆ ಎಂದು ಚಿಕ್ಕನಾಯಕನಹಳ್ಳಿಯ ಗ್ರಾಮಸಭೆಗಳಲ್ಲಿ ಕೇಳಬೇಕು. ಬಾವಿಯವರೂ ಲಾರಿಯವರೂ ಒಟ್ಟಿಗೆ ಕೂತು ಕೇಳಬೇಕು. ಹಿಂದೆ ಅವರನ್ನು ಎರಡು ಪಕ್ಷ ಮಾಡಿದ್ದರಿಂದ ಲಾಭವಾದದ್ದು ಅವರಿಬ್ಬರಿಗೂ ಅಲ್ಲ.

ಚಾಚಾ ತೀರಿಹೋಗಿ ಆರು ವರ್ಷವಾಯಿತು. ಅವರ ಅಂಗಡಿಯನ್ನು ಈಗ ಮಗ ನಡೆಸುತ್ತಾನೆ. ದರ ಫೋನಿನ ಬದಲು ಮೊಬೈಲಿನ ಪರದೆಯ ಮೇಲೆ ಬರುತ್ತದೆ, ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಮೊನ್ನೆ ಹೋದಾಗ ಟಿಪ್ಪರೊಂದರ ಹಳೆಯ ಡಾಲಾ ಬಿಚ್ಚಿ ಹಾಕಿದ್ದ. ತಳದಲ್ಲಿ ಇನ್ನೂ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ತೂಗುವ ಮೊದಲು ಹುಡುಗ ಅದನ್ನು ಸುತ್ತಿಗೆಯಿಂದ ಬಡಿದು ಉದುರಿಸುತ್ತಿದ್ದ. "ಮಣ್ಣಿಗೆ ಯಾರು ದುಡ್ಡು ಕೊಡ್ತಾರೆ?" ಎಂದ. ಉದುರಿದ ಮಣ್ಣು ಅಂಗಳದಲ್ಲೇ ಬಿದ್ದಿತ್ತು.